ನಾಗಪತಿ ನಾಯ್ಕರು ಬಿಸಿನೆಸ್ ಕ್ಲಾಸಿನಲ್ಲಿ ಕೂತದ್ದು

ಹೊನ್ನಾವರದ ನಾಗಪತಿ ನಾಯ್ಕರ ಜನ್ಮವೇ ಎರಡನೇ ದರ್ಜೆಯದು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆಂದು ತಿಳಿಯಬೇಡಿ, ದಾಖಲೆಯಿದೆ. ಎಸ್ಸೆಸ್ಸೆಲ್ಸಿ ಪಾಸಾದದ್ದು ಸೆಕೆಂಡ್ ಕ್ಲಾಸಿನಲ್ಲಿ. ರೈಲು ಹತ್ತಿದರೆ ಸೆಕೆಂಡ್ ಕ್ಲಾಸ್ ಡಬ್ಬಿ, ಸಿನಿಮಾಕ್ಕೆ ಹೋದರೆ ಸೆಕೆಂಡ್ ಕ್ಲಾಸ್ ಬೆಂಚು. ಇಷ್ಟು ಸಾಲದೆಂದು ಸರ್ಕಾರವೂ ಅವರನ್ನು 'ದ್ವಿತೀಯ ದರ್ಜೆ ಸಹಾಯಕ'ರೆಂದು ನೇಮಿಸಿ, ಹತ್ತೊಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂರಿಸಿ ಮರೆತುಬಿಟ್ಟಿತ್ತು. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅವರಿಗೆ ಬೇಸರ, ಮತ್ತು ನನ್ನದೊಂದು ಅರ್ಜಿ ಇನ್ನೂ ಅಲ್ಲೇ ಇದೆ.

ಕಚೇರಿಯಲ್ಲಿ ನಾಯ್ಕರದು ಆವಕ-ಜಾವಕದ ಕೆಲಸ. ಬಂದ ಕಾಗದಕ್ಕೆ ಠಸ್ಸೆ ಹೊಡೆಯುವುದು, ನಂಬರು ಹಾಕುವುದು, ದಪ್ಪ ಪುಸ್ತಕದಲ್ಲಿ ಬರೆಯುವುದು, ಸಾಹೇಬರ ಮೇಜಿಗೆ ಒಯ್ದಿಡುವುದು. ಓದುವುದು ಅವರ ಕೆಲಸದಲ್ಲಿ ಸೇರಿರಲಿಲ್ಲ. ಕೈ ಎಷ್ಟು ಪಳಗಿತ್ತೆಂದರೆ ಮದುವೆಯ ಆಮಂತ್ರಣಕ್ಕೂ ನಂಬರು ಬೀಳುತ್ತಿತ್ತು. ನಂಬರು ಬಿದ್ದ ಕಾಗದಕ್ಕೆ ಉತ್ತರ ಕೊಡಲೇಬೇಕು ಎಂಬುದು ಸರ್ಕಾರದ ಪದ್ಧತಿಯಾದ್ದರಿಂದ, ಒಮ್ಮೆ ಕುಮಟಾದ ಮದುಮಗನೊಬ್ಬನಿಗೆ 'ತಮ್ಮ ಕೋರಿಕೆ ಪರಿಶೀಲನೆಯಲ್ಲಿದೆ' ಎಂದು ಪತ್ರ ಹೋಗಿತ್ತು.

ಹೆಂಡತಿಯ ಹೆಸರು ಶ್ರೀಮತಿ. ಆಮಂತ್ರಣ ಪತ್ರಿಕೆಗಳಲ್ಲಿ 'ಶ್ರೀಮತಿ ಶ್ರೀಮತಿ' ಎಂದು ಬರೆದರೆ, ಅಚ್ಚಿನ ತಪ್ಪೆಂದುಕೊಂಡು ಜನ ಒಂದನ್ನು ಹೊಡೆದುಹಾಕುತ್ತಿದ್ದರು. ಆಕೆಗೆ ಜೀವನದಲ್ಲಿ ಇದ್ದದ್ದು ಒಂದೇ ಆಸೆ: ಗಂಡ ಒಮ್ಮೆ 'ಪ್ರಥಮ ದರ್ಜೆ' ಆಗುವುದನ್ನು ನೋಡಬೇಕು. ನಾಯ್ಕರಿಗೂ ಅದೇ ಆಸೆ. ಹಗಲು ಮರೆತರೂ ಕನಸಿನಲ್ಲಿ ನೆನಪಾಗುವಷ್ಟು ಆಸೆ.

ಎರಡು ಸಾವಿರದ ಮೂರರ ಮಾರ್ಚಿನಲ್ಲಿ ಶ್ರೀಮತಿಯ ತಮ್ಮ ದೇವರಾಜ ದಿಲ್ಲಿಯಲ್ಲಿ ಮನೆ ಮಾಡಿ ಗೃಹಪ್ರವೇಶಕ್ಕೆ ಕರೆದ. ಮಗಳ ಪರೀಕ್ಷೆ ಇದ್ದದ್ದರಿಂದ ಶ್ರೀಮತಿ ಉಳಿದಳು. ನಾಯ್ಕರು ಒಬ್ಬರೇ, ಒಣ ಸಿಗಡಿಯ ಡಬ್ಬ ಹಿಡಿದು, ಡಬ್ಬಿಯ ಇತರ ಪ್ರಯಾಣಿಕರ ಶಾಪ ಹೊತ್ತು ರೈಲಿನಲ್ಲಿ ಹೋದರು. ಗೃಹಪ್ರವೇಶ ಮುಗಿದ ಮಾರನೇ ದಿನ, ಶನಿವಾರ, ಹೊನ್ನಾವರದಿಂದ ಫೋನು ಬಂತು. ಮಾತಾಡಿದವರು ಕಚೇರಿಯ ಮುಖ್ಯಸ್ಥ ಮಾಬ್ಲೇಶ್ವರ ಹೆಗಡೆಯವರು.

"ನಾಗಪತಿ, ಬಡ್ತಿ ಪಟ್ಟಿ ಬಂದದೆ. ನಿನ್ನ ಹೆಸರು ಉಂಟು. ಸೋಮವಾರ ಹನ್ನೊಂದರ ಒಳಗೆ ಬಂದು ಸಹಿ ಹಾಕಬೇಕು. ಇಲ್ಲದಿದ್ರೆ ಮುಂದಿನವನಿಗೆ ಹೋಗ್ತದೆ."

ರೈಲು ಹತ್ತಿದರೆ ಮಂಗಳವಾರವಾಗುತ್ತದೆ. ನಾಯ್ಕರು ಅಳುವುದೊಂದು ಬಾಕಿ. ದೇವರಾಜ ದೊಡ್ಡ ಮನಸ್ಸು ಮಾಡಿ ಭಾನುವಾರದ ಗೋವಾ ವಿಮಾನಕ್ಕೆ ಟಿಕೀಟು ತೆಗೆದುಕೊಟ್ಟ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಕಂಪ್ಯೂಟರನ್ನು ಕುಟ್ಟಿ ಕುಟ್ಟಿ ನೋಡಿ ನಕ್ಕಳು. ವಿಮಾನದಲ್ಲಿ ಸೀಟಿಗಿಂತ ಟಿಕೀಟು ಜಾಸ್ತಿ ಮಾರಿದ್ದರಂತೆ.

"ಸರ್, ವೀ ಆರ್ ಗಿವಿಂಗ್ ಯೂ ಬಿಸಿನೆಸ್."

ನಾಯ್ಕರು ಬೆಚ್ಚಿದರು. ಸರ್ಕಾರಿ ನೌಕರ ಬಿಸಿನೆಸ್ ಮಾಡಕೂಡದು ಎಂಬ ನಿಯಮವನ್ನು ಅವರು ಬಾಯಿಪಾಠ ಮಾಡಿದ್ದರು. ಅದೂ ಬಡ್ತಿಯ ಹಿಂದಿನ ದಿನ!

"ನೋ ಬಿಸಿನೆಸ್, ಮೇಡಂ. ಸರ್ವಿಸ್. ಗೌರ್ಮೆಂಟ್ ಸರ್ವಿಸ್."

"ನೋ ಎಕ್ಸ್‌ಟ್ರಾ ಚಾರ್ಜ್, ಸರ್."

"ಫ್ರೀ ಕೊಟ್ರೂ ಬೇಡ. ನಹೀ ಚಾಹಿಯೇ. ನೌಕರಿ ಜಾಯೇಗಾ!"

ಅವರ ಹಿಂದೆ ಸಾಲಿನಲ್ಲಿದ್ದ ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರಿಗೆ ಈ ಕನ್ನಡ ಕೇಳಿ ಜೀವ ತಡೆಯಲಿಲ್ಲ. "ಅರೇ ಭಾಯಿ, ಬಿಸಿನೆಸ್ ಅಂದ್ರೆ ಅದಲ್ಲ. ಮುಂದೆ ದೊಡ್ಡ ಕುರ್ಚಿ ಕೊಡ್ತಾರೆ. ಊಟ ಚೆನ್ನಾಗಿರ್ತದೆ. ತಕೊಳ್ಳಿ ಮಾರಾಯ್ರೆ, ನಮಗೆ ಕೇಳಿದ್ರೂ ಕೊಡೂದಿಲ್ಲ" ಎಂದರು. ಹೀಗೆ ಮೂವತ್ತು ವರ್ಷದಿಂದ ಬಿಸಿನೆಸ್ ಮಾಡಿದವರು ಹಿಂದೆ ಮಂಡಿ ಮಡಚಿ ಕೂತರು. ಬಿಸಿನೆಸ್ ಎಂದರೆ ಬೆಚ್ಚುವವರು ಮುಂದೆ ಕಾಲು ಚಾಚಿ ಕೂತರು.

ಆ ಕುರ್ಚಿಯ ವರ್ಣನೆಯನ್ನು ನಾಯ್ಕರು ಆಮೇಲೆ ಊರಿಗೆಲ್ಲ ನೂರು ಸಲ ಹೇಳಿದ್ದಾರೆ, ನಾನು ಇನ್ನೊಮ್ಮೆ ಹೇಳುವುದಿಲ್ಲ. ಗುಂಡಿ ಒತ್ತಿದರೆ ಮಲಗುತ್ತಿತ್ತಂತೆ. ಆದರೆ ಇವರು ಒತ್ತಲಿಲ್ಲ. ಹತ್ತೊಂಬತ್ತು ವರ್ಷ ಸರ್ಕಾರಿ ಕುರ್ಚಿಯಲ್ಲಿ ಕೂತವರಿಗೆ, ಒರಗಿದರೆ ಕಾಲು ಮುರಿಯುತ್ತದೆ ಎಂಬ ಅನುಭವವಿತ್ತು.

ಊಟದ ಹೊತ್ತಿಗೆ ಗಗನಸಖಿ ಬಂದು ವೆಜ್ಜೋ ಫಿಶ್ಶೋ ಎಂದು ಕೇಳಿದಳು.

"ಯಾವ ಫಿಶ್?" ಎಂದರು ನಾಯ್ಕರು.

"ಫಿಶ್, ಸರ್."

"ನೇಮ್? ಇಸ್ವಾಣ? ಪಾಂಪ್ಲೆಟ್? ಬಂಗಡೆ?"

ಅವಳು ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, "ಬೋನ್‌ಲೆಸ್, ಸರ್" ಎಂದಳು.

ನಾಯ್ಕರು ಮುಚ್ಚಳ ತೆಗೆದು ನೋಡಿದರು. ತಲೆಯಿಲ್ಲ, ಮುಳ್ಳಿಲ್ಲ, ಹೆಸರೂ ಇಲ್ಲ. ಹೆಸರು ಗೊತ್ತಿಲ್ಲದ ಮೀನನ್ನು ನಮ್ಮೂರಿನ ಬೆಕ್ಕೂ ಮೂಸುವುದಿಲ್ಲ. ಅವರು ತಟ್ಟೆಯನ್ನು ಗೌರವದಿಂದ ಹಿಂದೆ ತಳ್ಳಿ, ಇಸ್ವಾಣಕ್ಕೂ ಉಳಿದ ಮೀನಿಗೂ ಇರುವ ವ್ಯತ್ಯಾಸವನ್ನು ಆಕೆಗೆ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ವಿವರಿಸಿದರು. ಪಕ್ಕದ ಕುರ್ಚಿಯಲ್ಲಿದ್ದ ಕೋಟಿನ ದೊಡ್ಡ ಮನುಷ್ಯ ಇದನ್ನೆಲ್ಲ ಕಿವಿಗೊಟ್ಟು ಕೇಳಿದ. ಅವನಿಗೆ ಗೋವೆಯಲ್ಲಿ ಎರಡು ಹೋಟೆಲುಗಳಿದ್ದವು.

"ಸೋ, ಯೂ ಆರ್ ಇನ್ ಫಿಶ್?" ಎಂದು ಕೇಳಿದ.

ಮೀನು ತಿನ್ನುತ್ತೀರಾ ಎಂದು ಕೇಳುತ್ತಿದ್ದಾನೆಂದು ನಾಯ್ಕರು ತಿಳಿದರು. "ಯೆಸ್, ಯೆಸ್. ಡೈಲಿ."

"ಫ್ರೆಶ್?"

"ಮಾರ್ನಿಂಗ್ ಬೋಟ್. ಟೆನ್ ಓ ಕ್ಲಾಕ್, ಹೋಮ್!"

"ಹೋಮ್ ಡೆಲಿವರಿ? ವೆರಿ ಗುಡ್!" ಎಂದು ಆತ ತಲೆದೂಗಿ, ಜೇಬಿನಿಂದ ಪುಸ್ತಕ ತೆಗೆದು ವಿಳಾಸ ಕೇಳಿದ. ದೊಡ್ಡವರು ವಿಳಾಸ ಕೇಳಿದರೆ ಇಲ್ಲವೆನ್ನುವುದುಂಟೇ? ನಾಯ್ಕರು ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಐವತ್ತು ಸಲ ಬರೆದ ವಿಳಾಸವನ್ನೇ ಚಂದದ ಅಕ್ಷರದಲ್ಲಿ ಬರೆದುಕೊಟ್ಟರು. ಅದು ಮನೆಯದಲ್ಲ, ಕಚೇರಿಯದು.

ಗೋವೆಯಿಂದ ರಾತ್ರಿ ರೈಲು ಹತ್ತಿ, ಸೋಮವಾರ ಬೆಳಿಗ್ಗೆ ಇಳಿದು ಮನೆಗೆ ಬರುವಾಗ ಬಾಗಿಲಲ್ಲೇ ಸಿಕ್ಕಿದವಳು ದುರ್ಗಮ್ಮ. ಮೂವತ್ತು ವರ್ಷದಿಂದ ಆ ಕೇರಿಗೆ ಮೀನು ಹೊತ್ತು ತರುವವಳು, ಮತ್ತು ಮೀನಿನ ಜೊತೆ ಸುದ್ದಿಯನ್ನೂ ಮನೆಮನೆಗೆ ಹಂಚುವವಳು. ನಾಯ್ಕರು ಸುಮ್ಮನೆ ಒಳಗೆ ಹೋಗಬಹುದಿತ್ತು. ಆದರೆ ಜನ್ಮದಲ್ಲಿ ಮೊದಲ ಸಲ ಹೇಳಿಕೊಳ್ಳಲು ಏನೋ ಸಿಕ್ಕಿದೆ, ಹೇಗೆ ಹೋಗುತ್ತಾರೆ?

"ದಿಲ್ಲಿಂದ ಬಂದ್ರಾ, ನಾಯ್ಕರೆ?"

"ಬಂದೆ, ದುರ್ಗಮ್ಮ. ಬಿಸಿನೆಸ್ ಕ್ಲಾಸಿನಲ್ಲಿ ಬಂದೆ."

"ಎಂತ ಕ್ಲಾಸು?"

"ಬಿಸಿನೆಸ್ ಕ್ಲಾಸು. ಮೂರು ತಾಸು."

ದುರ್ಗಮ್ಮ ಬುಟ್ಟಿ ಕೆಳಗಿಟ್ಟು ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯಯ್ಯೋ! ಮೂರೇ ತಾಸಲ್ಲಿ ಕಲ್ತ್ರಾ? ನಂಗೆ ಬಿಸಿನೆಸ್ ಕಲಿಯೂಕೆ ಮೂವತ್ತು ವರ್ಷ ಹಿಡೀತು!"

ಇಲ್ಲಿ ನಾಯ್ಕರು 'ಅದು ಪಾಠದ ಕ್ಲಾಸಲ್ಲ, ಕೂರುವ ಕ್ಲಾಸು' ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಹೇಳಲಿಲ್ಲ. ಸಣ್ಣಗೆ ನಕ್ಕು ಒಳಗೆ ಹೋದರು. ಸ್ನಾನ ಮಾಡಿ ಕಚೇರಿಗೆ ಓಡಿ, ಹತ್ತೂ ಐವತ್ತಕ್ಕೆ ಪಟ್ಟಿಗೆ ಸಹಿ ಹಾಕಿದರು. ತಿಂಗಳ ಕೊನೆಗೆ ಆದೇಶ ಬರುತ್ತದೆ, ಅಷ್ಟರೊಳಗೆ ಯಾವ ವಿಚಾರಣೆಯೂ ಬಾಕಿ ಇರಕೂಡದು, ಜೋಪಾನ ಎಂದರು ಹೆಗಡೆಯವರು. ನನ್ನ ಮೇಲೆ ಎಂಥ ವಿಚಾರಣೆ ಸಾರ್ ಎಂದು ನಾಯ್ಕರು ನಕ್ಕರು.

ಸಂಜೆಯೊಳಗೆ ಊರೆಲ್ಲ ಸುದ್ದಿ. ನಾಗಪತಿ ನಾಯ್ಕರನ್ನು ಸರ್ಕಾರ ದಿಲ್ಲಿಗೆ ಕರೆಸಿ ಬಿಸಿನೆಸ್ ಕಲಿಸಿ ಕಳಿಸಿದೆ, ವಿಮಾನದ ಖರ್ಚು ಕೂಡ ಕೊಟ್ಟಿದೆ. ಶ್ರೀಮತಿಗೆ ಮೊದಲು ಗಾಬರಿಯಾಯಿತು. ಆಮೇಲೆ ನೆರೆಮನೆಯವರು ಕುರ್ಚಿ ಕೊಟ್ಟು ಮಾತಾಡಿಸತೊಡಗಿದ ಮೇಲೆ ಅಷ್ಟೇನೂ ಅನಿಸಲಿಲ್ಲ. ಬೋರ್ಡಿಂಗ್ ಪಾಸನ್ನು ದೇವರ ಫೋಟೋದ ಪಕ್ಕ ಇಟ್ಟಳು. ಅದರ ಮೇಲೆ ಮಿಸ್ಟರ್ ನಾಗಪತಿ ನಾಯ್ಕ ಎಂದೂ, ಕೆಳಗೆ ದಪ್ಪ ಅಕ್ಷರದಲ್ಲಿ ಬಿಸಿನೆಸ್ ಎಂದೂ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಬಂದವರೆಲ್ಲ ಅದನ್ನು ನೋಡಿ, ಸರ್ಟಿಫಿಕೇಟು ಸಣ್ಣದಾದರೂ ಗಟ್ಟಿ ಕಾಗದ ಎಂದರು.

ಜನ ಸಲಹೆ ಕೇಳಲು ಬಂದರು. ನಾಯ್ಕರು ಕೊಟ್ಟರು. ಕೇಳಿದವರಿಗೆ ಕೊಡದೇ ಇರಲು ಅವರೇನು ಕಚೇರಿಯಲ್ಲಿದ್ದರೇ? ಅಪ್ಸರಕೊಂಡ ಜಲಪಾತದ ಬಳಿಯ ಶಿವ ಎಂಬವನು ಪ್ರವಾಸಿಗರಿಗೆ ಸಿಯಾಳ ಮಾರಲು ಅಂಗಡಿ ಎಲ್ಲಿ ಹಾಕಲಿ ಎಂದು ಕೇಳಿದ.

"ನೋಡು ಶಿವ, ಬಿಸಿನೆಸ್ಸಿನ ಮೊದಲ ಸೂತ್ರ," ಎಂದು ನಾಯ್ಕರು ಕಣ್ಣು ಮುಚ್ಚಿದರು. "ಪೈಪೋಟಿ ಇಲ್ಲದ ಜಾಗ ಹಿಡೀಬೇಕು."

ಶಿವ ಹಿಡಿದ. ಜಲಪಾತಕ್ಕೆ ಇಳಿಯುವ ಮೆಟ್ಟಿಲ ಹತ್ತಿರ ನಾಲ್ಕು ಅಂಗಡಿಗಳಿದ್ದವು. ಇವನು ಗುಡ್ಡದ ಆಚೆ ಬದಿ, ಬೇರೆ ಯಾವ ಅಂಗಡಿಯೂ ಇಲ್ಲದಲ್ಲಿ ಚಪ್ಪರ ಹಾಕಿದ. ಅಲ್ಲಿಗೆ ದಾರಿಯೂ ಇರಲಿಲ್ಲ.

ಹೀಗೆ ಎಂಟು ಹತ್ತು ದಿನ ನಾಯ್ಕರ ದರ್ಬಾರು ಸಾಂಗವಾಗಿ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಅಂಚೆಯವನು ಕಟ್ಟು ತಂದು ಹಾಕಿದ. ನಾಯ್ಕರು ಎಂದಿನಂತೆ ಲಕೋಟೆ ಕತ್ತರಿಸಿ, ಠಪ ಠಪ ಠಸ್ಸೆ ಹೊಡೆದು, ನಂಬರು ಹಾಕಿ, ಪುಸ್ತಕದಲ್ಲಿ ಬರೆದು, ಹೆಗಡೆಯವರ ಮೇಜಿಗೆ ಒಯ್ದಿಟ್ಟು ಬಂದು ಚಹಾ ಕುಡಿಯುತ್ತ ಕೂತರು. ಐದು ನಿಮಿಷದಲ್ಲಿ ಒಳಗಿನಿಂದ ಕರೆ ಬಂತು.

"ನಾಗಪತಿ, ಇದು ಎಂತದು?"

ನಾಯ್ಕರು ಬಗ್ಗಿ ನೋಡಿದರು. "ಆವಕ ನಾನೂರ ಹನ್ನೆರಡು, ಸಾರ್."

"ನಂಬರು ಕೇಳಲಿಲ್ಲ. ಓದು."

ನಾಯ್ಕರು ಓದಿದರು. 'ನಾಯ್ಕ್ ಫಿಶ್ ಸಪ್ಲೈಯರ್ಸ್' ಅವರಿಗೆ ಗೋವೆಯ ಹೋಟೆಲಿನಿಂದ ಬಂದ ಪತ್ರ. ವಿಮಾನದಲ್ಲಿ ಮಾತಾಡಿದಂತೆ ವಾರಕ್ಕೆ ಇನ್ನೂರು ಕಿಲೋ ಇಸ್ವಾಣವನ್ನು ಹೋಟೆಲ್ ಬಾಗಿಲಿಗೆ ಮುಟ್ಟಿಸಲು ದರ ತಿಳಿಸಬೇಕೆಂದು ಬರೆದಿತ್ತು. ವಿಳಾಸ ಮಾತ್ರ ಅಕ್ಷರ ತಪ್ಪದೆ ಈ ಕಚೇರಿಯದು. ಹತ್ತೊಂಬತ್ತು ವರ್ಷ ಕಾದದ್ದು ಒಂದು ಹಾಳೆಯಲ್ಲಿ ಹೋಗುವುದು ನಾಯ್ಕರಿಗೆ ಕಣ್ಣೆದುರೇ ಕಂಡಿತು.

"ಸಾರ್, ಇದು ಸುಳ್ಳು. ಹರಿದು ಹಾಕಿ."

"ನಂಬರು ಬಿದ್ದ ಕಾಗದ ಹರಿಯೂದಾ? ನಂಬರು ಹಾಕಿದ್ದು ಯಾರು?"

"...ನಾನೇ, ಸಾರ್."

ಹೆಗಡೆಯವರು ಕೆಟ್ಟವರಲ್ಲ, ಆದರೆ ನಿಯಮವನ್ನು ಹೆಂಡತಿಗಿಂತ ಹೆಚ್ಚು ನಂಬಿದವರು. ಊರಿನ ಬಿಸಿನೆಸ್ ಕ್ಲಾಸಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಇಷ್ಟು ದಿನ ಕೇಳದವರಂತೆ ಇದ್ದರು. ಈಗ ಕಾಗದವಾಗಿ ಬಂದದ್ದನ್ನು ಕಾಣದವರಂತೆ ಇರಲಾಗಲಿಲ್ಲ. ಕಾರವಾರದ ಜಿಲ್ಲಾ ಕಚೇರಿಗೆ ವರದಿ ಹೋಯಿತು. ಆದೇಶಕ್ಕೆ ನಾಲ್ಕು ದಿನ ಬಾಕಿ ಇರುವಾಗ ವಿಚಾರಣೆಗೆ ಅಲ್ಲಿಯ ಅಧಿಕಾರಿ ಮಂಗಲಾ ಮೇಡಂ ಬರುತ್ತಾರೆಂದು ತಿಳಿಯಿತು. ಶ್ರೀಮತಿ ಆ ದಿನ ಅನ್ನ ಬಡಿಸುತ್ತ ಏನೂ ಬೈಯಲಿಲ್ಲ. ಅದಕ್ಕೇ ನಾಯ್ಕರಿಗೆ ಹೆಚ್ಚು ಹೆದರಿಕೆಯಾದದ್ದು.

ಮಂಗಲಾ ಮೇಡಂ ಕಾರವಾರದಿಂದ ಮೊದಲ ಬಸ್ಸಿಗೆ, ನಿಂತುಕೊಂಡೇ ಬಂದವರು. ಆ ಸಿಟ್ಟೂ ಮುಖದಲ್ಲಿತ್ತು. ಮೇಜಿನ ಮೇಲೆ ಪತ್ರ, ಪಕ್ಕದಲ್ಲಿ ದೇವರ ಫೋಟೋದ ಬಳಿಯಿಂದ ತರಿಸಿದ ಬೋರ್ಡಿಂಗ್ ಪಾಸು.

"ನೀವು ಬಿಸಿನೆಸ್ ಕ್ಲಾಸಿಗೆ ಹೋದದ್ದು ಹೌದಾ?"

"ಹೋದದ್ದಲ್ಲ ಮೇಡಂ, ಕೂತದ್ದು."

"ಕ್ಲಾಸಿನಲ್ಲಿ ಕೂತದ್ದು ಹೌದು," ಎಂದು ಮೇಡಂ ಬರೆದುಕೊಂಡರು. "ಪಾಠ ಮಾಡಿದವರು ಯಾರು?"

"ಪಾಠ ಇರಲಿಲ್ಲ, ಊಟ ಇತ್ತು. ಅದು ವಿಮಾನದ ಕುರ್ಚಿಯ ಹೆಸರು, ಮೇಡಂ. ಹಿಂದೆ ಜಾಗ ಇಲ್ಲ ಅಂತ ಮುಂದೆ ಕೂರಿಸಿದರು."

"ಹಿಂದೆ ಜಾಗ ಇಲ್ಲದಿದ್ರೆ ಮುಂದೆ ಒಳ್ಳೇ ಕುರ್ಚಿಯಲ್ಲಿ ಕೂರಿಸ್ತಾರಾ? ದುಡ್ಡೂ ತಕೊಳ್ಳದೆ?" ಮೇಡಂ ಪೆನ್ನು ಕೆಳಗಿಟ್ಟರು. "ನಾನು ಇಪ್ಪತ್ತೆರಡು ವರ್ಷದಿಂದ ಬಸ್ಸಿನಲ್ಲಿ ಓಡಾಡ್ತಿದ್ದೇನೆ. ಜಾಗ ಇಲ್ಲದಿದ್ರೆ ನಿಲ್ಲಿಸ್ತಾರೆ. ನಂಬುವ ಹಾಗೆ ಹೇಳಿ."

ನಿಜವೇ ನಂಬುವ ಹಾಗಿಲ್ಲದಿದ್ದರೆ ನಾಯ್ಕರೇನು ಮಾಡಬೇಕು? ಆಗ ಹೆಗಡೆಯವರು ಗಂಟಲು ಸರಿಮಾಡಿಕೊಂಡು, ಸಾಕ್ಷಿಗಳನ್ನು ಕೇಳಬೇಕೆಂಬ ನಿಯಮವಿದೆ ಎಂದು ನೆನಪಿಸಿದರು. ಹೊರಗೆ ಸಾಕ್ಷಿಗಳಿಗೆ ಬರವಿರಲಿಲ್ಲ, ಅರ್ಧ ಕೇರಿಯೇ ಬಂದು ನಿಂತಿತ್ತು.

ಮೊದಲು ಬಂದವನು ಶಿವ. "ಮೇಡಂ, ಇವ್ರ ಮಾತು ಕೇಳಿ ಅಂಗಡಿ ಹಾಕ್ದೆ. ಎಂಟು ದಿನಕ್ಕೆ ಎರಡು ಸಿಯಾಳ ಖರ್ಚಾತು. ಎರಡೂ ನಾನೇ ಕುಡದದ್ದು."

ಮೇಡಂ ಹುಬ್ಬು ಏರಿಸಿ ಬರೆದುಕೊಂಡರು. ಮುಂದೆ ದುರ್ಗಮ್ಮ ಬಂದಳು. ಬುಟ್ಟಿಯನ್ನು ಹೊರಗಿಡಿ ಎಂದರೆ, ಹೊರಗೆ ನಾಯಿ ಇದೆ ಎಂದು ಒಳಗೇ ತಂದಳು.

"ಇವರು ಮೀನಿನ ವ್ಯಾಪಾರ ಮಾಡುವುದನ್ನು ನೀವು ನೋಡಿದ್ದೀರಾ?"

ದುರ್ಗಮ್ಮ ಎಷ್ಟು ಜೋರಾಗಿ ನಕ್ಕಳೆಂದರೆ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದ ಸಿಬ್ಬಂದಿ ಎದ್ದು ಬಂದರು.

"ಇವ್ರಾ? ಬಿಸಿನೆಸ್ಸಾ? ಅಮ್ಮಾ, ನಾನು ರೇಟು ಹೇಳೂದ್ರೊಳಗೆ ನೋಟು ಚಾಚ್ತ್ರು. ಚಿಲ್ಲರೆ ಕೊಟ್ರೆ ಎಣಿಸೂದಿಲ್ಲ. ಮೀನು ನೋಡೂಕೆ ಬತ್ತದೆ, ಸುಳ್ಳು ಎಂತಕ್ಕೆ ಹೇಳ್ಲಿ. ಕಿವಿರು ಎತ್ತಿ ನೋಡಿ, 'ಇದು ನಿನ್ನೇದು ದುರ್ಗಮ್ಮ' ಹೇಳ್ತ್ರು. ಹೇಳಿ ಅದನ್ನೇ ತಕಂಡು ಹೋಗ್ತ್ರು! ಇವ್ರ ಮನೆ ಒಂದು ಇದ್ದದ್ದಕ್ಕೆ ನನ್ನ ಮಗನ ಮದುವೆ ಆತು. ಇವ್ರು ಬಿಸಿನೆಸ್ ಮಾಡಿದ್ರೆ ಮೀನು ಮರ ಹತ್ತೂದೇ ಸೈ!"

ಕೋಣೆಯಲ್ಲಿ ನಗು ತುಂಬಿತು. ಮಂಗಲಾ ಮೇಡಂ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಗಂಭೀರವಾಗಿ ವರದಿ ಬರೆದು ಗಟ್ಟಿಯಾಗಿ ಓದಿದರು: "'ಸದರಿ ನೌಕರರು ಯಾವುದೇ ವ್ಯಾಪಾರ ಮಾಡಿರುವುದು ಕಂಡುಬಂದಿಲ್ಲ. ಸಾಕ್ಷಿಗಳ ಹೇಳಿಕೆಯ ಪ್ರಕಾರ ಇವರಿಗೆ ವ್ಯವಹಾರ ಜ್ಞಾನ ಲವಲೇಶವೂ ಇರುವುದಿಲ್ಲ. ಚೌಕಾಶಿ ಮಾಡಲು ಸಹ ಬಾರದು. ಆದ್ದರಿಂದ ವ್ಯಾಪಾರ ಮಾಡಲು ಸಂಪೂರ್ಣ ಅಸಮರ್ಥರು. ವಿಚಾರಣೆ ಮುಕ್ತಾಯಗೊಳಿಸಬಹುದು.' ಆತು, ಕೆಳಗೆ ಸಹಿ ಹಾಕಿ."

ಗೆದ್ದರು! ಬಡ್ತಿ ಉಳಿಯಿತು! ಬೇರೆ ಯಾರಾದರೂ ಆಗಿದ್ದರೆ ಮೇಡಂ ಕಾಲಿಗೆ ಬೀಳುತ್ತಿದ್ದರು. ಆದರೆ ಎಂಟು ಹತ್ತು ದಿನ ಊರಿಗೆ ಬಿಸಿನೆಸ್ ಸೂತ್ರ ಹೇಳಿಕೊಟ್ಟ ಮನುಷ್ಯ. ಬಾಗಿಲಲ್ಲಿ ಅರ್ಧ ಕೇರಿ ನಿಂತು ಹಲ್ಲು ಬಿಡುತ್ತಿದೆ. ನಾಯ್ಕರ ಕಿವಿ ಕೆಂಪಾಯಿತು.

"ಮೇಡಂ, 'ಸಂಪೂರ್ಣ ಅಸಮರ್ಥ' ಅಂತ ಬೇಡ. ಮನಸ್ಸು ಮಾಡಿದ್ರೆ ನಾನೂ ಮಾಡ್ತಿದ್ದೆ."

ಮೇಡಂ ತಲೆ ಎತ್ತಿದರು. ಪೆನ್ನಿನ ಮುಚ್ಚಳ ಮತ್ತೆ ತೆಗೆದರು. "ಹಾಗಾದರೆ ಮಾಡುವ ಮನಸ್ಸು ಇದೆ?"

ಹೆಗಡೆಯವರು ಮೇಜಿನ ಕೆಳಗಿನಿಂದ ನಾಯ್ಕರ ಕಾಲನ್ನು ಬಲವಾಗಿ ತುಳಿದರು. ಬಾಗಿಲಲ್ಲಿ ನಿಂತ ಶ್ರೀಮತಿ, ಮದುವೆಯಾದ ಮೇಲೆ ಮೊದಲ ಸಲ ನಾಲ್ಕು ಜನರ ಎದುರು ಗಂಡನನ್ನು ಗದರಿದಳು. "ಎಂತ ಮಾತಾಡ್ತ್ರಿ! ಬರೂದಿಲ್ಲ ಅಂದ್ರೆ ಬರೂದಿಲ್ಲ. ಸಹಿ ಹಾಕ್ರಾ!"

ನಾಯ್ಕರು ಕಾಗದವನ್ನೊಮ್ಮೆ ನೋಡಿದರು, ಹೆಂಡತಿಯನ್ನೊಮ್ಮೆ ನೋಡಿದರು. ಆಕೆಯ ಕಣ್ಣಲ್ಲಿ ನೀರಿತ್ತು. ಅವರಿಗೆ ನಿಜವಾಗಿ ನಾಚಿಕೆಯಾಯಿತು. 'ಮೇಲಿನದನ್ನು ಓದಿಸಿ ಕೇಳಿದ್ದೇನೆ, ಸರಿ ಇದೆ' ಎಂದು ಬರೆದು, ಸಹಿ ಹಾಕಿ, ಅಭ್ಯಾಸಬಲದಿಂದ ಪಕ್ಕದಲ್ಲಿ ಆವಕ ನಂಬರನ್ನೂ ಹಾಕಿದರು.

ಗೋವೆಯ ಪತ್ರಕ್ಕೂ ನಿಯಮದಂತೆ ಉತ್ತರ ಹೋಯಿತು: 'ತಾವು ಕೋರಿರುವ ಇಸ್ವಾಣ ಮೀನು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.' ತಿಂಗಳ ಕೊನೆಯ ದಿನ ಬಡ್ತಿಯ ಆದೇಶ ಬಂತು. ನಾಗಪತಿ ನಾಯ್ಕರು ಪ್ರಥಮ ದರ್ಜೆ ಸಹಾಯಕರಾದರು. ಶ್ರೀಮತಿ ಕೇರಿಗೆಲ್ಲ ಪೇಡೆ ಹಂಚಿದಳು.

ಮೊದಲ ಭಾನುವಾರ ದುರ್ಗಮ್ಮ ಬಂದು ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಬೆಳಗಿನ ಬೋಟಿನ ಬಂಗಡೆ, ಮಿಂಚುತ್ತಿತ್ತು.

"ಹತ್ತಕ್ಕೆ ನಾಲ್ಕು."

ಒಳಗಿನಿಂದ ಶ್ರೀಮತಿ ಪಿಸುಗುಟ್ಟಿದಳು: "ಪಕ್ಕದ ಮನೆಗೆ ಆರು ಕೊಟ್ಟಳು, ಈಗಷ್ಟೇ ನೋಡ್ದೆ. ಕೇಳ್ರಾ!"

ನಾಯ್ಕರು ಎದೆ ಸೆಟೆಸಿದರು. ಪ್ರಥಮ ದರ್ಜೆಯಾದ ಮೇಲೆ ಇನ್ನೂ ಹೆದರಿದರೆ ಹೇಗೆ? "ದುರ್ಗಮ್ಮ, ನಾಲ್ಕು ಕಡಿಮೆಯಾತಲ್ಲ..."

"ಎಂತ, ಚೌಕಾಶಿ ಮಾಡ್ತ್ರಾ?" ದುರ್ಗಮ್ಮ ದನಿ ಏರಿಸಿದಳು. ಅಕ್ಕಪಕ್ಕದ ಮೂರು ಕಿಟಕಿಗಳು ತೆರೆದವು. "ಮಾಡಿ, ಮಾಡಿ. ಬರೂದಿಲ್ಲ ಅಂತ ಸರ್ಕಾರದ ಕಾಗದಕ್ಕೆ ಸಹಿ ಹಾಕಿದ್ರಿ ಅಲ್ದಾ? ಈಗ ಬಂತು ಅಂದ್ರೆ ನಾನು ಹೇಳಿದ್ದೂ ಸುಳ್ಳು, ನೀವು ಬರ್ದದ್ದೂ ಸುಳ್ಳು. ಮೇಡಂ ಮತ್ತೆ ಬಸ್ಸಲ್ಲಿ ನಿಂತ್ಕಂಡು ಬರೂಕಾತು, ಪಾಪ!"

ನಾಯ್ಕರು ತೆರೆದ ಕಿಟಕಿಗಳನ್ನು ಒಂದೊಂದಾಗಿ ನೋಡಿದರು. ಕಾರವಾರದ ರಸ್ತೆಯ ಕಡೆ ನೋಡಿದರು. ಆಮೇಲೆ ಜೇಬಿನಿಂದ ಹತ್ತರ ನೋಟು ತೆಗೆದು ಮುಂದೆ ಚಾಚಿ, ಇಡೀ ಕೇರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು:

"ನಾಲ್ಕು ಜಾಸ್ತಿಯಾತು, ದುರ್ಗಮ್ಮ. ಮೂರೇ ಕೊಡು."